ಹೊಳೆದಂಡೆಯ ಮನೆಗೆ ಒಂದು ಕೋಣೆ ಸಜ್ಜು ಮಾಡುವಾಗ

ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ಖಾಲಿ ಕೋಣೆ ಸಿಂಗಾರ ಆಗೋಕೆ ಮೂವತ್ತು ಸೆಕೆಂಡ್ ಸಾಕು. ಗೋಡೆಗೆ ವಾಲ್‌ಪೇಪರ್, ನೆಲಕ್ಕೆ ಮರದಂತೆ ಕಾಣುವ ಲ್ಯಾಮಿನೇಟ್, ಮೂಲೆಗೊಂದು ನೆಲದೀಪ, ಮುಗೀತು. ಬೆಂಗಳೂರಿನ ಹನ್ನೊಂದನೇ ಮಹಡಿಗೆ ಅದು ಸರಿ. ನಮ್ಮ ಮನೆ ಇರೋದು ಕಾಗವಾಡ ತಾಲ್ಲೂಕಿನಲ್ಲಿ, ಕೃಷ್ಣಾ ಹೊಳೆಯ ದಂಡೆಗೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯ ಹೊಳೆಸಾಲಿನ ಊರುಗಳಲ್ಲಿ ಕೋಣೆ ಸಜ್ಜು ಮಾಡುವವರು ರೀಲ್ಸ್‌ನವರು ಕೇಳದ ಒಂದು ಪ್ರಶ್ನೆ ಮೊದಲು ಕೇಳಬೇಕು: ನೀರು ಬಂದರೆ ಇದೆಲ್ಲ ಏನಾಗುತ್ತೆ?

2019ರ ಆಗಸ್ಟ್‌ನ ಮಹಾಪೂರದಲ್ಲಿ ನಮ್ಮ ಪಡಸಾಲೆ ಪಕ್ಕದ ಕೋಣೆಯಲ್ಲಿ ನಾಲ್ಕು ಅಡಿ ನೀರು ನಿಂತಿತ್ತು. 2021ರ ಜುಲೈನಲ್ಲಿ ಮೊಳಕಾಲಮಟ ಬಂತು. ಆಮೇಲೆ ಅಪ್ಪ ಆ ಕೋಣೆಗೆ ಒಂದು ಕುರ್ಚಿ ಕೂಡ ಹಾಕಲಿಲ್ಲ. ಹತ್ತು ಬೈ ಹನ್ನೆರಡರ ಚಲೋ ಕೋಣೆ, ಎರಡು ಕಿಟಕಿ, ತಣ್ಣಗಿನ ಜಾಗ. ಆದರೂ ಇಬ್ಬರೂ ಪಡಸಾಲೆಯಲ್ಲೇ ಮಲಗೋರು. ನಾನು ಕೇಳಿದಾಗೆಲ್ಲ ಅವ್ವಂದು ಒಂದೇ ಮಾತು: “ಹಾಕೋದು ದೊಡ್ಡದಲ್ಲ ತಮ್ಮಾ, ಮತ್ತ ಹೊಳಿ ಬಂದ್ರ ಯಾರ್ ತಗೀಬೇಕು?”

ಪುಣೆಯಿಂದ ಎರಡು ತಿಂಗಳು ವರ್ಕ್ ಫ್ರಂ ಹೋಮ್ ಅಂತ ಬಂದಾಗ ಈ ಪ್ರಶ್ನೆಗೇ ಉತ್ತರ ಹುಡುಕೋಣ ಅಂತ ಕೂತೆ. ಮಾಡಿದ್ದು ಇಷ್ಟು.

ನೀರು ಹೇಳಿ ಬರುತ್ತೆ

ನಮ್ಮ ಭಾಗದ ಪೂರಕ್ಕೆ ಒಂದು ಗುಣ ಇದೆ. ಅದು ಬಹಳ ಸಲ ನಮ್ಮೂರ ಮಳೆಯಿಂದ ಬರೋದಲ್ಲ, ಸಹ್ಯಾದ್ರಿಯ ಮಳೆಯಿಂದ ಬರೋದು. ಅಲ್ಲಿ ಜಡಿಮಳೆ ಹಿಡಿದು, ಸುಮಾರು 105 ಟಿಎಂಸಿ ಹಿಡಿಯುವ ಕೊಯ್ನಾ ಜಲಾಶಯ ತುಂಬಿ ಬಾಗಿಲು ತೆರೆದರೆ ಕೃಷ್ಣೆ ಏರುತ್ತೆ. ನರಸೋಬಾವಾಡಿಯಲ್ಲಿ ಪಂಚಗಂಗೆ ಕೂಡುತ್ತೆ. ಇತ್ತ ವೇದಗಂಗಾ ದೂಧಗಂಗೆಗೆ, ದೂಧಗಂಗಾ ಕೃಷ್ಣೆಗೆ ಸೇರುತ್ತವೆ. ಅದಕ್ಕೇ ಪ್ರತಿ ಮಳೆಗಾಲ ನಮ್ಮ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್, ಕಲ್ಲೋಳದಲ್ಲಿ ಎಷ್ಟು ಅನ್ನೋದೇ ಸುದ್ದಿ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು.

ಅಂದರೆ ನಮಗೆ ಸಾಮಾನ್ಯವಾಗಿ ಸಾಮಾನು ಎತ್ತಿಡೋಕೆ ಕೆಲವು ತಾಸು ಸಿಗುತ್ತವೆ. ಆದರೆ ಬಂದ ನೀರು ಒಂದೇ ದಿನಕ್ಕೆ ಹೋಗಲ್ಲ. ದಿನಗಟ್ಟಲೆ ನಿಂತು, ರಾಡಿ ಬಿಟ್ಟು ಹೋಗುತ್ತೆ. ಹಾಗಾಗಿ ಕೋಣೆಗೆ ಎರಡೇ ನಿಯಮ ಮಾಡಿಕೊಂಡೆ. ಎತ್ತಬಹುದಾದ್ದು ಒಂದು ತಾಸಿನೊಳಗೆ ಎತ್ತುವಂತಿರಬೇಕು. ಎತ್ತಲಾಗದ್ದು ನೆನೆದರೂ ಕೆಡಬಾರದು.

ಮೊದಲು ಗೋಡೆಗೊಂದು ಗೆರೆ

2019ರ ನೀರಿನ ಗುರುತು ನಾಲ್ಕು ಅಡಿಗೆ ಇತ್ತು. ಅದರ ಮೇಲೆ ಒಂದಡಿ ಬಿಟ್ಟು, ಐದು ಅಡಿಗೆ ಸೀಸದ ಕಡ್ಡಿಯಿಂದ ಗೆರೆ ಎಳೆದೆ. ಮುಂದಿನ ಎಲ್ಲ ನಿರ್ಧಾರಕ್ಕೂ ಆ ಗೆರೆಯೇ ಲೆಕ್ಕ.

ಮೊದಲ ಖರ್ಚು ವೈರಿಂಗ್. ಎಲ್ಲ ಸಾಕೆಟ್, ಸ್ವಿಚ್ ಬೋರ್ಡ್ ಗೆರೆಯ ಮೇಲೆ ಹೋದವು. ವೈರು ನೆಲದಿಂದ ಏರುವ ಬದಲು ಚಾವಣಿಯಿಂದ ಇಳಿಯುತ್ತೆ. ಕೆಳಗಿನ ಕೋಣೆಗಳಿಗೆ ಬೇರೆ ಎಂಸಿಬಿ ಇಟ್ಟು, ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿದೆವು. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ಅದು ತೂಗಿ ನೋಡುತ್ತಿರುತ್ತೆ. ನೀರಿನಲ್ಲೋ ಮನುಷ್ಯನ ಮೈಯಲ್ಲೋ ಹರಿದು ಲೆಕ್ಕ ತಪ್ಪಿದರೆ ತಾನೇ ಕಟ್ ಮಾಡುತ್ತೆ. ಹಾಗಂತ ಅದನ್ನೇ ನಂಬಿ ಕೂರಬಾರದು. ನೀರು ಅಂಗಳಕ್ಕೆ ಬರೋ ಮೊದಲೇ ಮೇನ್ ಆಫ್ ಮಾಡಬೇಕು.

ನೆಲಕ್ಕೆ ಹಳೆಯ ಶಹಾಬಾದ್ ಫರಸಿಯನ್ನೇ ಉಳಿಸಿದೆವು. ಸಂದಿಗೆ ಸಿಮೆಂಟ್ ತುಂಬಿ ತಿಕ್ಕಿಸಿದಾಗ ಹೊಸದರಂತೆ ಬಂತು. ರಾಡಿ ಬಂದರೂ ತೊಳೆದರೆ ಮುಗೀತು. ಗೋಡೆಗೆ ಗೆರೆಯ ಕೆಳಗೆ ಸುಣ್ಣ, ಮೇಲೆ ಬಣ್ಣ. ನೆನೆದ ಗೋಡೆ ಒಣಗೋಕೆ ವಾರಗಳು ಬೇಕು. ಮೇಲೆ ವಾಲ್‌ಪೇಪರ್ ಅಥವಾ ಪ್ಲಾಸ್ಟಿಕ್‌ನಂಥ ಪೇಂಟ್ ಇದ್ದರೆ ತೇವ ಒಳಗೇ ಕೂತು ಹೊಪ್ಪಳಿಕೆ ಏಳುತ್ತೆ. ಸುಣ್ಣ ತೇವವನ್ನು ಹೊರಗೆ ಬಿಡುತ್ತೆ, ಮತ್ತೆ ಹಚ್ಚೋಕೂ ಖರ್ಚು ಕಡಿಮೆ. ಸುಣ್ಣಕ್ಕೆ ಒಂದಿಷ್ಟು ಕಾವಿ ಬೆರೆಸಿದ್ದಕ್ಕೆ ಕೆಳಭಾಗ ಕೆಂಪಗೆ, ಮೇಲ್ಭಾಗ ಬಿಳಿ. ನೋಡಿದವರು ಡಿಸೈನ್ ಅಂತಾನೇ ಅಂದುಕೊಳ್ತಾರೆ!

ಕಟ್ಟಿಗೆಯ ಲೆಕ್ಕ

ಚೆಂದದ ಬೆಲೆಗೆ ಸಿಗುವ ರೆಡಿಮೇಡ್ ಕಪಾಟು, ಮಂಚಗಳು ಬಹುಪಾಲು ಎಂಡಿಎಫ್ ಇಲ್ಲವೇ ಪಾರ್ಟಿಕಲ್ ಬೋರ್ಡ್. ಕಟ್ಟಿಗೆಯ ನಾರನ್ನೋ ಹೊಟ್ಟನ್ನೋ ಅಂಟಿನಿಂದ ಒತ್ತಿ ಮಾಡಿದ ಹಲಗೆ. ನೀರಲ್ಲಿ ನಿಂತರೆ ಬಿಸ್ಕೀಟಿನಂತೆ ಉಬ್ಬುತ್ತೆ, ಒಣಗಿದರೂ ಮೊದಲಿನಂತಾಗಲ್ಲ. ಪ್ಲೈವುಡ್ ಕೊಳ್ಳುವಾಗ ಮೇಲಿನ ಮುದ್ರೆ ಓದಿ. ‘ಎಂಆರ್’ ಅಂದರೆ ಹವೆಯ ತೇವ ತಡೆಯುತ್ತೆ ಅಂತಷ್ಟೇ, ನಿಂತ ನೀರನ್ನಲ್ಲ. ‘ಐಎಸ್ 710’ ಅಂತಿದ್ದರೆ ಅದು ಮರೀನ್ ದರ್ಜೆ. ಅದರ ಅಂಟನ್ನು 72 ತಾಸು ಕುದಿಯುವ ನೀರಲ್ಲಿಟ್ಟು ಪರೀಕ್ಷೆ ಮಾಡ್ತಾರೆ. ತುಟ್ಟಿ, ಆದರೆ ಗೆರೆಯ ಕೆಳಗೆ ಪ್ಲೈ ಬೇಕೇಬೇಕು ಅನ್ನೋರಿಗೆ ಅದೇ ಸರಿ.

ನಾವು ಗೆರೆಯ ಕೆಳಗೆ ಪ್ಲೈ ಬಳಸಲೇ ಇಲ್ಲ. 2019ರ ನೀರಲ್ಲಿ ತೇಲಿ ಬಾಗಿಲಿಗೆ ಅಡ್ಡ ನಿಂತಿದ್ದ ಅಜ್ಜನ ಸಾಗವಾನಿ ಮಂಚ ಇನ್ನೂ ಗಟ್ಟಿ ಇತ್ತು. ಬಡಿಗೇರರು ಕೀಲು ಬಿಗಿ ಮಾಡಿ, ಎಣ್ಣೆ ಹಚ್ಚಿ ಕೊಟ್ಟರು. ಈಗ ಅದಕ್ಕೊಂದು ಹಗ್ಗ ಕಾಯಂ. ನೀರು ಬರುತ್ತೆ ಅಂದರೆ ಕಿಟಕಿಯ ಸರಳಿಗೆ ಕಟ್ಟೋದು. ತೇಲುವ ಸಾಮಾನು ಬಾಗಿಲು ಮುಚ್ಚಿದರೆ ಒಳಗಿದ್ದವರಿಗೇ ಅಪಾಯ, ಇದನ್ನ ಮರೀಬೇಡಿ.

ಬಟ್ಟೆಯ ಕಪಾಟಿನ ಬದಲು ಗೆರೆಯ ಮೇಲೆ ಮೂರು ಗೋಡೆಗೂ ಉದ್ದಕ್ಕೆ ಹಲಗೆ, ಅದರ ಮೇಲೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳು. ಇದು ನನ್ನ ಐಡಿಯಾ ಏನಲ್ಲ. ಹಳೆ ಮನೆಗಳ ನಾಗೊಂದಿಗೆ, ಗಿಳಿಗೂಟ, ಅಟ್ಟ ಎಲ್ಲ ಇದೇ ಕೆಲಸಕ್ಕೆ ಇದ್ದವು. ದಿನಾ ಬೇಕಾಗುವ ಬಟ್ಟೆ ಅವ್ವನ ಕೈಗೆ ಎಟುಕಬೇಕಲ್ಲ, ಅದಕ್ಕೆ ಕೆಳಗೆ ಗಿಳಿಗೂಟ ಹೊಡೆಸಿದೆವು. ಮಳೆಗಾಲ ಬಂದರೆ ಅವೂ ಮೇಲೆ. ನನ್ನ ಲ್ಯಾಪ್‌ಟಾಪಿಗೆ ಗೋಡೆಗೆ ಮಡಚಿ ಇಡುವ ಟೇಬಲ್.

ಹಾಸಿಗೆ, ಪಡದೆ, ಫೋಟೊ

ದಪ್ಪ ಫೋಮ್ ಹಾಸಿಗೆಯನ್ನ ವಯಸ್ಸಾದ ಇಬ್ಬರು ಎತ್ತಿ ಅಟ್ಟಕ್ಕೆ ಹಾಕೋಕೆ ಆಗಲ್ಲ. ರಾಡಿ ನೀರು ಕುಡಿದ ಹಾಸಿಗೆಯನ್ನ ಮತ್ತೆ ಬಳಸೋಕೂ ಬಾರದು. ಹಾಗಾಗಿ ಒಂದು ದಪ್ಪ ಗಾದಿಯ ಬದಲು ಅರಳೆಯ ಎರಡು ತೆಳು ಗಾದಿ ಹೊಲಿಸಿದೆವು. ಒಂದರ ಮೇಲೊಂದು ಹಾಕಿದರೆ ಮೆತ್ತಗೆ, ಸುತ್ತಿದರೆ ಒಬ್ಬರೇ ಎತ್ತಬಹುದು. ನೆಲಕ್ಕೆ ನವಲಗುಂದದ ಒಂದು ಜಮಖಾನೆ. ಪಡದೆ ಇಚಲಕರಂಜಿಯ ಹತ್ತಿ ಬಟ್ಟೆ, ಕಿಟಕಿ ಮುಗಿಯೋ ತನಕ ಮಾತ್ರ, ನೆಲ ಮುಟ್ಟಲ್ಲ. ಮಂಚದ ಮೇಲೆ ಅವ್ವನ ತಾಯಿ ಹಳೆ ಸೀರೆಗಳಿಂದ ಹೊಲಿದ ಕೌದಿ. ಇಡೀ ಕೋಣೆಯಲ್ಲಿ ಬಣ್ಣ ಅಂದರೆ ಅದೇ, ಬೇರೆ ಶೋ ಬೇಕಾಗಲಿಲ್ಲ.

ಫೋಟೊ ವಿಷಯಕ್ಕೆ ಬಂದರೆ ಅವ್ವ ಸುಮ್ಮನಾಗ್ತಾಳೆ. ಅವರ ಮದುವೆ ಫೋಟೊ ಆ ನೀರಲ್ಲಿ ಗಾಜಿಗೆ ಅಂಟಿ ಹೋಯ್ತು, ಬಿಡಿಸೋಕೆ ಬರಲಿಲ್ಲ. ಮಂಚ, ಕಪಾಟು ಮತ್ತೆ ಬರುತ್ತವೆ, ಇದು ಬರಲಿಲ್ಲ. ಈ ಸಲ ಉಳಿದಿದ್ದ ಎಲ್ಲ ಫೋಟೊ ಸ್ಕ್ಯಾನ್ ಮಾಡಿ ಎರಡು ಕಡೆ ಇಟ್ಟೆ. ಹೊಲದ ಉತಾರ, ಮನೆ ಕಾಗದ, ಆಧಾರ್ ಪ್ರತಿಗಳೂ ಅದರ ಜೊತೆ. ಗೋಡೆಗೆ ಹಾಕಿದ್ದು ಪ್ರಿಂಟ್, ಅದೂ ಗೆರೆಯ ಮೇಲೆ. ಅತ್ತೆಯ ಮನೆಯಲ್ಲಿ ಅಪ್ಪ-ಅವ್ವನ ಇನ್ನೊಂದು ಹಳೆ ಫೋಟೊ ಸಿಕ್ಕಿತು, ಮದುವೆಯಾದ ವರ್ಷದ್ದು. ನಟ್ಟನಡುವೆ ಅದೇ ಇದೆ.

ತಾಸು ಹಿಡಿದು ನೋಡಿದೆವು

ಎಲ್ಲ ಮುಗಿದ ಮೇಲೆ ಒಂದು ರವಿವಾರ ಫೋನಿನಲ್ಲಿ ಟೈಮರ್ ಹಚ್ಚಿ ಕೋಣೆ ಖಾಲಿ ಮಾಡಿದೆವು. ಸಾಫ್ಟ್‌ವೇರ್‌ನಲ್ಲೂ ಅಷ್ಟೇ, ವಾಪಸ್ ತೆಗೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ನಾನು ಕೈ ಹಚ್ಚಲಿಲ್ಲ, ಯಾಕಂದ್ರೆ ಪೂರ ಬಂದ ದಿನ ನಾನು ಪುಣೆಯಲ್ಲೇ ಇರಬಹುದು. ಅಪ್ಪ, ಅವ್ವ, ಪಕ್ಕದ ಮನೆಯ ಕಾಕಾ ಮೂರೇ ಮಂದಿ. ನಲವತ್ತೆರಡು ನಿಮಿಷ. ಗಾದಿ, ಜಮಖಾನೆ, ಪಡದೆ, ಕುರ್ಚಿ ಎಲ್ಲ ಅಟ್ಟಕ್ಕೆ, ಮಂಚ ಕಿಟಕಿಗೆ.

ಅಪ್ಪ ಬೆವರು ಒರೆಸಿಕೊಂಡು ಗಡಿಯಾರ ನೋಡಿದರು. “ಚಾ ಕುಡಕೋತ ಮಾಡಿದ್ರೂ ತಾಸಿನ್ಯಾಗ ಆಕ್ಕೈತಿ” ಅಂದರು. ಸಂಜೆ ಎಲ್ಲ ವಾಪಸ್ ಇಳಿಸಿದೆವು. ಅವತ್ತು ರಾತ್ರಿ ಇಬ್ಬರೂ ಆ ಕೋಣೆಯಲ್ಲೇ ಮಲಗಿದರು.

ನಿಮ್ಮ ಮನೆಯೂ ಹೊಳೆಸಾಲಿನಲ್ಲಿದ್ದರೆ ಪೇಂಟ್ ಆರಿಸೋ ಮೊದಲು ಗೆರೆ ಎಳೀರಿ. ಹಳೆ ನೀರಿನ ಗುರುತು ಅಳಿಸಿದ್ದರೆ ಓಣಿಯ ಹಿರಿಯರನ್ನ ಕೇಳಿ, ಗೋಡೆ ಮುಟ್ಟಿ ತೋರಿಸ್ತಾರೆ. ನಮ್ಮನೆಯಲ್ಲಿ ಈಗ ಹೊಸ ಬೇಡಿಕೆ ಬಂದಿದೆ. ಅವ್ವಗೆ ಒಂದು ದೊಡ್ಡ ಕನ್ನಡಿ ಬೇಕಂತೆ. ಗೆರೆಯ ಮೇಲೆ ಹಾಕಿದರೆ ಮುಖ ಕಾಣಲ್ಲ, ಕೆಳಗೆ ಹಾಕೋಕೆ ಅಪ್ಪ ಒಪ್ಪಲ್ಲ. ಕೊಂಡಿ ಹಾಕಿ, ಬೇಕಾದಾಗ ತೆಗೆಯುವ ಹಾಗೆ ಮಾಡಿದರೆ ಹೇಗೆ ಅಂತ ಮಾತುಕತೆ ನಡೆದಿದೆ.