ಹಾದಿ ಹುಡುಕುವ ಗಣಿತ

ಮೋಟಾರ್ ಸೈಕಲ್ಲಿನಲ್ಲಿ ದೂರ ಪ್ರಯಾಣ ಹೊರಡುವವರು ಇಂದು ಫೋನಿನಲ್ಲಿ ಎರಡು ಊರುಗಳ ಹೆಸರು ಕೊಟ್ಟರೆ ಸಾಕು, ಕ್ಷಣಾರ್ಧದಲ್ಲಿ ಹಾದಿ ಮೂಡುತ್ತದೆ. ಇದಕ್ಕೆ ಆಧಾರವಾದ ಗಣಿತಕ್ರಮವನ್ನು ಹಾಲೆಂಡಿನ ಎಡ್ಸ್ಗರ್ ಡೈಕ್‌ಸ್ಟ್ರ 1956ರಲ್ಲಿ ರೂಪಿಸಿ 1959ರಲ್ಲಿ ಪ್ರಕಟಿಸಿದರು. ಕೂಡುದಾರಿಗಳನ್ನು ಬಿಂದುಗಳೆಂದೂ ರಸ್ತೆಗಳನ್ನು ಗೆರೆಗಳೆಂದೂ ಭಾವಿಸಿ, ಪ್ರತಿ ಗೆರೆಗೂ ಒಂದು ಬೆಲೆ ಕಟ್ಟುತ್ತೇವೆ. ಹೊರಟಲ್ಲಿಂದ ಅತಿ ಕಡಿಮೆ ಬೆಲೆಗೆ ಮುಟ್ಟಬಹುದಾದ ಬಿಂದುವನ್ನು ಮೊದಲು ನಿಶ್ಚಯಿಸಿ, ಅದರ ಮೂಲಕ ಮುಂದಿನವುಗಳ ಬೆಲೆಯನ್ನು ತಿದ್ದುತ್ತ ಹೋದರೆ ಗುರಿ ಸಿಕ್ಕುತ್ತದೆ.

ಆದರೆ ಬೆಲೆ ಯಾವುದರದು? ಸಾಧನವು ಸಾಮಾನ್ಯವಾಗಿ ಕಾಲವನ್ನು ಎಣಿಸುತ್ತದೆ. ಸವಾರನಿಗೋ ಪೆಟ್ರೋಲಿನ ಚಿಂತೆ. ಹಿಮಾಲಯದಲ್ಲಿ ಮನಾಲಿಯಿಂದ ಲೇಹ್‌ಗೆ ಹೋಗುವ ಹಾದಿಯಲ್ಲಿ, ಮುಂದಿನ ಬಂಕು 365 ಕಿಲೋಮೀಟರು ದೂರವೆಂದು ಎಚ್ಚರಿಸಿದ ತಾಂಡಿಯ ಫಲಕವು ಸವಾರರಲ್ಲಿ ಹೆಸರಾಯಿತು. 13 ಲೀಟರಿನ ಟ್ಯಾಂಕು, ಲೀಟರಿಗೆ 30 ಕಿಲೋಮೀಟರು, ಒಟ್ಟು 390. ಸಾಕೆನಿಸುತ್ತದೆ. ನಡುವೆ 5,300 ಮೀಟರಿಗೂ ಎತ್ತರದ ತಂಗ್ಲಂಗ್ ಲಾ ಘಟ್ಟವಿದೆಯಷ್ಟೆ! ಏರಿನುದ್ದಕ್ಕೂ ಕೆಳಗಿನ ಗೇರು. ಕಾರ್ಬ್ಯುರೇಟರ್ ಇರುವ ಗಾಡಿಯಾದರೆ ತೆಳುಗಾಳಿಯಲ್ಲಿ ಪೆಟ್ರೋಲಿನ ಪಾಲು ಮಿತಿಮೀರಿ, ಪೂರ್ತಿ ಉರಿಯದೆ ವ್ಯರ್ಥವಾಗುತ್ತದೆ. ಲೀಟರಿಗೆ 25 ಕಿಲೋಮೀಟರಿಗೆ ಇಳಿಯಿತೆನ್ನಿ, 325ಕ್ಕೇ ಟ್ಯಾಂಕು ಬರಿದು. ಉಳಿದ 40 ಕಿಲೋಮೀಟರು ಗಾಡಿಯನ್ನು ತಳ್ಳುವುದಕ್ಕಿಂತ ಮೂರು ಲೀಟರಿನ ಡಬ್ಬಿ ಹೊರುವುದು ಲೇಸೆಂದು ನಮ್ಮ ಮತ.

ಇಂಥ ಹಾದಿಯಲ್ಲಿ ಬಹುದೂರ ಫೋನಿನ ಜಾಲವೂ ಸಿಕ್ಕದು. ಆದರೂ ನಿಂತ ಸ್ಥಳ ತಿಳಿಯುತ್ತದೆ. ಫೋನು ಉಪಗ್ರಹಗಳ ಸಂಕೇತವನ್ನು ಆಲಿಸುವುದೇ ಹೊರತು ತಾನೇನನ್ನೂ ಅವುಗಳಿಗೆ ಕಳುಹಿಸಬೇಕಿಲ್ಲ. ನಕ್ಷೆಯನ್ನು ಮಾತ್ರ ಮನಾಲಿಯಲ್ಲೇ ಇಳಿಸಿಕೊಂಡಿರಬೇಕು.