ಆಗಿಬರದ ಊಟ: ಬಿಸಿಯೂಟದ ತಟ್ಟೆಯ ಸುತ್ತಲಿನ ತಪ್ಪು ಕಲ್ಪನೆಗಳು

ಶಾಲೆಯ ಬಿಸಿಯೂಟದಲ್ಲಾಗಲಿ, ಅಂಗನವಾಡಿಯ ಪೂರಕ ಆಹಾರದಲ್ಲಾಗಲಿ, ಒಂದು ಪದಾರ್ಥ ಬೇಡವೆನ್ನಲು ಕನ್ನಡದ ಮನೆಗಳಲ್ಲಿ ಬಳಕೆಯಾಗುವ ಮಾತು ಒಂದೇ: ‘ಅದು ನಮ್ಮ ಮಗೂಗೆ ಆಗಿಬರಲ್ಲ’. ಮೊಟ್ಟೆ ತಿಂದ ಹತ್ತು ನಿಮಿಷಕ್ಕೆ ಮೈತುಂಬ ದದ್ದು ಏಳುವ ಮಗುವಿಗೂ, ಹಾಲು ಕುಡಿದರೆ ಹೊಟ್ಟೆ ಗುಡುಗುಟ್ಟುವ ಮಗುವಿಗೂ, ಮೊಟ್ಟೆ ಒಳಗೆ ತಾರದ ಮನೆಯ ಮಗುವಿಗೂ, ಬದನೆಕಾಯಿ ಕಂಡರೆ ಮುಖ ಸಿಂಡರಿಸುವ ಮಗುವಿಗೂ ಇದೇ ಮಾತು ಅನ್ವಯ. ಮೊದಲನೆಯದು ಅಲರ್ಜಿ, ಎರಡನೆಯದು ಜೀರ್ಣಶಕ್ತಿಯ ಕೊರತೆ, ಮೂರನೆಯದು ಆಚಾರ, ನಾಲ್ಕನೆಯದು ಬರೀ ರುಚಿ. ನಾಲ್ಕಕ್ಕೂ ಬೇಕಾದ ಬದಲಿ ಬೇರೆಬೇರೆ. ಸರ್ಕಾರಿ ಊಟದ ಬಗ್ಗೆ ಹಬ್ಬಿರುವ ಹೆಚ್ಚಿನ ತಪ್ಪು ಕಲ್ಪನೆಗಳು ಈ ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದ ಹುಟ್ಟಿವೆ.

ತಿಂದ ಮೇಲೆ ಬಾಯಿ ಕೆರೆದರೆ ಅದು ಅಲರ್ಜಿಯೇ ಎಂಬುದು ಮೊದಲ ಕಲ್ಪನೆ. ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಆಹಾರದ ಒಂದು ಪ್ರೋಟೀನನ್ನು ಶತ್ರುವೆಂದು ತಿಳಿದು ಐಜಿಇ ಎಂಬ ಪ್ರತಿಕಾಯ ತಯಾರಿಸುತ್ತದೆ. ಮುಂದೆ ಅದೇ ಪದಾರ್ಥ ಚೂರು ಒಳಹೋದರೂ ದದ್ದು, ತುಟಿ ಊತ, ವಾಂತಿ, ಉಬ್ಬಸ ಬರಬಹುದು. ಬಿಸಿಯೂಟದ ಸಾಂಬಾರಿನಲ್ಲಿ ಆಗಾಗ ಕಾಣುವ ಬದನೆಕಾಯಿಯನ್ನೇ ನೋಡಬಹುದು. ಹಿರಿಯರು ಅದನ್ನು ‘ನಂಜು’ ಎಂದು ಗಾಯವಾದವರಿಗೆ ಕೊಡುತ್ತಿರಲಿಲ್ಲ. ಮೈಸೂರಿನ ಸಂಶೋಧಕರು 700ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 9ರಷ್ಟು ಮಂದಿಗೆ ಬದನೆಯಿಂದ ಏನಾದರೊಂದು ತೊಂದರೆ ಕಂಡಿತ್ತು. ಆದರೆ ಐಜಿಇಯಿಂದ ಬರುವ ನಿಜವಾದ ಅಲರ್ಜಿ ಇದ್ದವರು ಶೇ 1ಕ್ಕಿಂತ ಕಡಿಮೆ. ಬದನೆಯಲ್ಲಿ ಸಹಜವಾಗಿಯೇ ಇರುವ ಹಿಸ್ಟಮಿನ್‌ನಂಥ ರಾಸಾಯನಿಕಗಳೂ ನಾಲಿಗೆ ಕೆರೆಯುವಂತೆ ಮಾಡಬಲ್ಲವು. ನಂಜಿನ ಮಾತು ಪೂರ್ತಿ ಸುಳ್ಳಲ್ಲ, ಅಲರ್ಜಿಯೂ ಅಲ್ಲ.

ರಕ್ತಪರೀಕ್ಷೆಯ ಚೀಟಿಯೇ ಕೊನೆಯ ಮಾತು ಎಂಬ ನಂಬಿಕೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ನಡುವೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಶೇ 26ಕ್ಕೂ ಹೆಚ್ಚು ಜನರ ರಕ್ತದಲ್ಲಿ ಯಾವುದಾದರೂ ಆಹಾರದ ವಿರುದ್ಧ ಪ್ರತಿಕಾಯ ಇತ್ತು. ಲಕ್ಷಣವೂ ಸೇರಿ ಅಲರ್ಜಿ ಎನ್ನಬಹುದಾದವರು ಶೇ 1.2 ಮಾತ್ರ. ಚೀಟಿಯಲ್ಲಿ ‘ಪಾಸಿಟಿವ್’ ಎಂದಿದ್ದ ಮಾತ್ರಕ್ಕೆ ಬೇಳೆ, ಹಾಲು, ಗೋಧಿ ಎಲ್ಲವನ್ನೂ ಬಿಡಿಸಿದರೆ ಮಗುವಿಗೆ ಅಲರ್ಜಿಗಿಂತ ಅಪೌಷ್ಟಿಕತೆಯ ಕಾಟವೇ ಹೆಚ್ಚಾಗುತ್ತದೆ.

ಸಸ್ಯಾಹಾರವಾದರೆ ಅಲರ್ಜಿಯ ಭಯವಿಲ್ಲ ಎಂಬ ಮಾತು ಕೇಳಲು ಹಿತವಾಗಿದೆ, ಆದರೆ ಅಡಿಪಾಯವಿಲ್ಲ. ಕಡಲೆಕಾಯಿ, ಗೋಡಂಬಿ, ಗೋಧಿ, ಸೋಯಾ ಎಲ್ಲವೂ ಸಸ್ಯಗಳೇ. ಅಲರ್ಜಿ ತರುವ ಪದಾರ್ಥಗಳ ಪಟ್ಟಿಯಲ್ಲಿ ಮುಂದಿರುವವೂ ಇವೇ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಹೇಳುವುದು ಮಾಂಸ, ಮೊಟ್ಟೆ ಇಲ್ಲ ಎಂದಷ್ಟೇ. ಒಳಗೆ ಹಾಲಿನ ಪುಡಿ ಇರಬಹುದು, ಶೇಂಗಾ ಇರಬಹುದು. ಹಾಲೂ ಇಲ್ಲದ ವೀಗನ್ ಆಹಾರಕ್ಕೆ 2022ರ ನಿಯಮಾವಳಿ ಬೇರೆಯದೇ ಗುರುತು ತಂದಿದೆ. ಅದಕ್ಕೂ ಅಲರ್ಜಿಗೂ ಸಂಬಂಧವಿಲ್ಲ. ಅಲರ್ಜಿ ಇರುವ ಮನೆಯವರು ಓದಬೇಕಾದದ್ದು ಪದಾರ್ಥಗಳ ಪಟ್ಟಿಯ ಕೆಳಗಿನ ಪುಟ್ಟ ಸಾಲನ್ನು. ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿ ಜಾತಿಯ ಬೀಜಗಳು, ಸೋಯಾ, ಸಲ್ಫೈಟ್ ಇದ್ದರೆ ನಮೂದಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಕಡಲೆಬೇಳೆ ಈ ಪಟ್ಟಿಯಲ್ಲಿಲ್ಲ. ಭಾರತದಲ್ಲಿ ಕಡಲೆಯ ಅಲರ್ಜಿ ಅಪರೂಪವೇನಲ್ಲವಾದರೂ, ಪಟ್ಟಿಯ ಸ್ವರೂಪ ಹೊರದೇಶದ ಮಾದರಿಯದು. ದೊಡ್ಡ ಹಂಡೆಯಲ್ಲಿ ಬೇಯುವ ಬಿಸಿಯೂಟಕ್ಕಂತೂ ಪೊಟ್ಟಣದ ಚೀಟಿಯೇ ಇರುವುದಿಲ್ಲ. ಅಡುಗೆಯವರನ್ನು ಕೇಳಿಯೇ ತಿಳಿಯಬೇಕು.

ಅತಿ ಹೆಚ್ಚು ಗದ್ದಲ ಎದ್ದದ್ದು ಮೊಟ್ಟೆಯ ಸುತ್ತ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಬೇಯಿಸಿದ ಮೊಟ್ಟೆ ಆರಂಭವಾಯಿತು. ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುತ್ತಿದ್ದರು. ರಾಜ್ಯದ ಬಹುತೇಕರು ಸಸ್ಯಾಹಾರಿಗಳು ಎಂಬ ಕಲ್ಪನೆ ಆ ಚರ್ಚೆಯಲ್ಲಿ ಪದೇ ಪದೇ ಕೇಳಿಬಂತು. 15 ವರ್ಷ ಮೇಲ್ಪಟ್ಟವರ ಕುರಿತ 2014ರ ಮಾದರಿ ನೋಂದಣಿ ಸಮೀಕ್ಷೆಯ ಲೆಕ್ಕ ತಿರುಗುಮುರುಗು: ಐವರಲ್ಲಿ ಹತ್ತಿರ ಹತ್ತಿರ ನಾಲ್ವರು ಮಾಂಸಾಹಾರಿಗಳು.

ಮೊಟ್ಟೆಗೆ ಬಾಳೆಹಣ್ಣು ಸರಿಸಮ ಎಂಬ ನಂಬಿಕೆ ತಟ್ಟೆಯ ಮಟ್ಟದಲ್ಲಿ ಹೆಚ್ಚು ಹಾನಿಕಾರಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಬಾಳೆಹಣ್ಣಿನಲ್ಲಿ 1 ಗ್ರಾಂ. ಹಣ್ಣು ಹಸಿವು ತಣಿಸುತ್ತದೆ, ಪೊಟ್ಯಾಶಿಯಂ ಕೊಡುತ್ತದೆ. ಮೊಟ್ಟೆಯ ಜಾಗ ತುಂಬುವುದಿಲ್ಲ. ಶೇಂಗಾ ಚಿಕ್ಕಿ ಪ್ರೋಟೀನ್ ಲೆಕ್ಕದಲ್ಲಿ ಹತ್ತಿರ ಬರುತ್ತಿತ್ತು, ಆದರೆ ಮೊಟ್ಟೆ ಅಲರ್ಜಿಯ ಮಗುವಿಗೆ ಇನ್ನೊಂದು ದೊಡ್ಡ ಅಲರ್ಜಿ ಪದಾರ್ಥವನ್ನೇ ಬದಲಿಯಾಗಿ ಕೊಟ್ಟಂತೆ. 2025ರಲ್ಲಿ ಚಿಕ್ಕಿಯನ್ನು ಕೈಬಿಟ್ಟದ್ದು ಗುಣಮಟ್ಟದ ಕಾರಣಕ್ಕೆ. ಅಲರ್ಜಿಯ ವಿಚಾರ ಅಲ್ಲಿ ಬರಲೇ ಇಲ್ಲ. ಗರ್ಭಿಣಿ ಬಾಣಂತಿಯರ ಮಾತೃಪೂರ್ಣ ಯೋಜನೆಯಲ್ಲಿ ಮೊಟ್ಟೆ ತಿನ್ನದವರಿಗಿರುವ ಮೊಳಕೆ ಕಾಳು ಇವೆರಡಕ್ಕಿಂತ ಜಾಣ ಆಯ್ಕೆ: 30 ಗ್ರಾಂ ಹೆಸರುಕಾಳಿನಲ್ಲಿ 7 ಗ್ರಾಂನಷ್ಟು ಪ್ರೋಟೀನ್ ಇದೆ.

ಹಾಗೆಂದು ಮೊಟ್ಟೆ ಇಲ್ಲದ ಊಟದಲ್ಲಿ ಪ್ರೋಟೀನೇ ಇಲ್ಲ ಎನ್ನುವ ಎದುರು ಪಕ್ಷದ ವಾದವೂ ತಪ್ಪು. 2013ರ ಆಹಾರ ಭದ್ರತಾ ಕಾಯ್ದೆ ಕಿರಿಯ ಪ್ರಾಥಮಿಕ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಎಂದಿದೆ. ಅದಕ್ಕೆಂದು ಕೊಡುವ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆಯಲ್ಲೇ ಈ 12 ಗ್ರಾಂ ಹೆಚ್ಚುಕಡಿಮೆ ಸಿಗುತ್ತದೆ. ಅಕ್ಕಿಯಲ್ಲಿ ಕಮ್ಮಿ ಇರುವ ಲೈಸಿನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕಮ್ಮಿ ಇರುವ ಮೆಥಿಯೊನಿನ್ ಅಕ್ಕಿಯಲ್ಲಿದೆ. ಮುದ್ದೆಗೆ ಕಾಳುಸಾರು, ಜೋಳದ ರೊಟ್ಟಿಗೆ ಕಾಳುಪಲ್ಯ ಜೊತೆಯಾದದ್ದೂ ಇದೇ ಲೆಕ್ಕಕ್ಕೆ ಹೊಂದುತ್ತದೆ. ಸಾರು ತಿಳಿನೀರಾಗಿ, ಬೇಳೆ ತಳ ಸೇರಿದ ದಿನ ಮಾತ್ರ ಈ ಗಣಿತ ಕೈಕೊಡುತ್ತದೆ.

ಸಸ್ಯದಿಂದ ಸಿಗದ ಒಂದು ವಸ್ತು ಇದೆ, ಬಿ12 ಜೀವಸತ್ವ. 150 ಮಿಲಿ ಹಾಲಿನಲ್ಲಿ ಅದು ಒಂದು ಮೊಟ್ಟೆಯಲ್ಲಿ ಇರುವಷ್ಟೇ, ಕೊಂಚ ಹೆಚ್ಚೇ ಇದೆ. ಹೀಗಾಗಿ ಮೊಟ್ಟೆ ಬಿಟ್ಟು ಹಾಲು ಕುಡಿಯುವ ಮಗುವಿಗೆ ಚಿಂತೆ ಕಡಿಮೆ. ಎರಡನ್ನೂ ಬಿಟ್ಟ ಮಗುವಿಗೆ, ಅದು ವೀಗನ್ ಮನೆಯಿಂದ ಬಂದಿರಲಿ ಅಥವಾ ಹಾಲು-ಮೊಟ್ಟೆ ಎರಡರ ಅಲರ್ಜಿಯಿರಲಿ, ವೈದ್ಯರು ಹೇಳಿದ ಗುಳಿಗೆ ಬೇಕಾದೀತು. ಪಡಿತರದ ಸಾರವರ್ಧಿತ ಅಕ್ಕಿ ಸ್ವಲ್ಪ ಆಸರೆ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿ ತೆಗೆದ ಕಾಳುಗಳನ್ನು 100 ಕಿಲೋ ಅಕ್ಕಿಗೆ 1 ಕಿಲೋದಂತೆ ಸೇರಿಸುತ್ತಾರೆ. ಮಾಮೂಲಿ ಅಕ್ಕಿಗಿಂತ ಬಣ್ಣ ತುಸು ಬೇರೆ, ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. ಮೊರದಲ್ಲಿ ಅಕ್ಕಿ ಹಸನು ಮಾಡುವಾಗ ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಹಿತ್ತಲಿಗೆ ಎಸೆಯುವುದು ಈ ಕಾಳುಗಳನ್ನೇ. ಅದರಲ್ಲಿರುವ ಬಿ12 ಸೂಕ್ಷ್ಮಜೀವಿಗಳಿಂದ ತಯಾರಾದದ್ದು, ಪ್ರಾಣಿಮೂಲದ್ದಲ್ಲ. ಪ್ರಮಾಣ ಮಾತ್ರ ಕಿಲೋ ಅಕ್ಕಿಗೆ ಸುಮಾರು 1 ಮೈಕ್ರೋಗ್ರಾಂ. ಒಂದು ಹೊತ್ತಿನ ಅನ್ನದಿಂದ ದಿನದ ಅಗತ್ಯ ನೀಗದು.

‘ಹಾಲು ಆಗಲ್ಲ’ ಎಂಬ ಮಾತಿನೊಳಗೆ ಎರಡು ಕಾಯಿಲೆಗಳು ಅಡಗಿವೆ. ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಜೀರ್ಣವಾಗದಿದ್ದರೆ ಹೊಟ್ಟೆ ಉಬ್ಬರ, ಭೇದಿ, ಪ್ರಾಣಕ್ಕೆ ಅಪಾಯವಿಲ್ಲ. ದಕ್ಷಿಣ ಭಾರತದಲ್ಲಿ ಇದು ಸಾಮಾನ್ಯ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಹಾಲಿನ ಯೋಜನೆಯ 150 ಮಿಲಿ ಲೋಟದಲ್ಲಿ ಇರುವುದು ಸುಮಾರು 7 ಗ್ರಾಂ ಲ್ಯಾಕ್ಟೋಸ್. ಈ ತೊಂದರೆ ಇರುವವರಲ್ಲೂ ಹೆಚ್ಚಿನವರು ಒಮ್ಮೆಗೆ 12 ಗ್ರಾಂವರೆಗೆ ತಡೆದುಕೊಳ್ಳುತ್ತಾರೆ, ಮೊಸರು ಇನ್ನೂ ಸಲೀಸು. ಹಾಲಿನ ಪ್ರೋಟೀನಿನ ಅಲರ್ಜಿಯ ಕತೆಯೇ ಬೇರೆ. ಆ ಮಗುವಿಗೆ ಮೊಸರು, ಮಜ್ಜಿಗೆ, ಹಾಲಿಗೆ ಬೆರೆಸಿ ಕೊಡುವ ರಾಗಿ ಮಾಲ್ಟ್ ಯಾವುದೂ ಸಲ್ಲದು. ‘ಹಾಲು ಬೇಡವಾದರೆ ಮಜ್ಜಿಗೆ ಕೊಡಿ’ ಎಂಬ ಮನೆಮದ್ದು ಮೊದಲನೆಯವರಿಗೆ ಸರಿ, ಎರಡನೆಯವರಿಗೆ ವಿಷ.

ಗೋಧಿಯಲ್ಲೂ ಇಂಥದೇ ಕವಲು. ಸೀಲಿಯಾಕ್ ಕಾಯಿಲೆ ಅಲರ್ಜಿಯಲ್ಲ, ಗ್ಲುಟೆನ್‌ನಿಂದ ಕರುಳು ಸವೆಯುವ ರೋಗ. ರವೆ ಉಪ್ಪಿಟ್ಟು ಈ ರೋಗ ಇರುವವರಿಗೆ ವರ್ಜ್ಯ. ಅಕ್ಕಿ, ರಾಗಿ, ಜೋಳ ನಿರಾತಂಕ.

ಆಗದ ಪದಾರ್ಥವನ್ನು ಎತ್ತಿಟ್ಟು ಉಳಿದದ್ದು ತಿಂದರಾಯಿತು ಎಂಬುದು ಊಟದ ಪಂಕ್ತಿಯಲ್ಲಿ ದಿನವೂ ಕಾಣುವ ಪರಿಹಾರ. ಚಿತ್ರಾನ್ನದ ಕಡಲೆಕಾಯಿ ಬೀಜಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಜೋಡಿಸಿದರೂ, ಒಗ್ಗರಣೆಯಲ್ಲಿ ಅವು ಹುರಿದ ಎಣ್ಣೆ ಅಷ್ಟರಲ್ಲಿ ಪ್ರತಿ ಅಗುಳಿಗೂ ಸವರಿಕೊಂಡಿರುತ್ತದೆ. ಹುರಿದರೆ ಅಲರ್ಜಿ ಗುಣ ಹೋಗುವುದಿಲ್ಲ. ಕಡಲೆಕಾಯಿಯಲ್ಲಿ ಹೆಚ್ಚುವುದೇ ಉಂಟು. ಮೊಟ್ಟೆಯಲ್ಲಿ ಕೆಲವು ಪ್ರೋಟೀನುಗಳು ಶಾಖಕ್ಕೆ ಮಣಿದರೂ ಓವೋಮ್ಯೂಕಾಯ್ಡ್ ಮಣಿಯದು. ಶೇಂಗಾ ಚಟ್ನಿಗೆ ಅದ್ದಿದ ಸೌಟನ್ನೇ ಸಾಂಬಾರಿಗೂ ಇಳಿಸಿದರೆ ಬೇರೆ ಪಾತ್ರೆಯಲ್ಲಿ ಮಾಡಿದ್ದೂ ವ್ಯರ್ಥ. ಬೇರೆ ಸೌಟು, ಮೊದಲ ಸರದಿಯಲ್ಲಿ ಬಡಿಸುವುದು, ಅಡುಗೆಯವರಿಗೂ ತರಗತಿಯ ಶಿಕ್ಷಕರಿಗೂ ಮಗುವಿನ ಹೆಸರು ಗೊತ್ತಿರುವುದು, ಇವಕ್ಕೆ ಹೆಚ್ಚು ಖರ್ಚಿಲ್ಲ. ಉಸಿರು ಕಟ್ಟಿ, ಧ್ವನಿ ಒಡೆದು, ಮಗು ತೂಕಡಿಸತೊಡಗಿದರೆ ಅಲರ್ಜಿ ಗುಳಿಗೆಯನ್ನು ನೆಚ್ಚಿ ಕೂರುವಂತಿಲ್ಲ. ಆಗ ಬೇಕಾದದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು. 108ಕ್ಕೆ ಕರೆ ಮಾಡಬೇಕು, ಮಗುವನ್ನು ಎಬ್ಬಿಸಿ ನಡೆಸಬಾರದು.

ಕಡಲೆಕಾಯಿ, ಮೊಟ್ಟೆಯನ್ನು ತಡವಾಗಿ ಕೊಟ್ಟಷ್ಟೂ ಕ್ಷೇಮ ಎಂಬ ಹಳೆಯ ಸಲಹೆಯನ್ನು ವೈದ್ಯರೇ ಹಿಂಪಡೆದಿದ್ದಾರೆ. ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ ಹಸುಗೂಸುಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ವರ್ಷದಲ್ಲೇ ಕಡಲೆಕಾಯಿ ತಿನ್ನತೊಡಗಿದವರಲ್ಲಿ ಅದರ ಅಲರ್ಜಿ ಬಹುಪಾಲು ತಗ್ಗಿತ್ತು. ಇಡೀ ಬೀಜ ಗಂಟಲಿಗೆ ಸಿಕ್ಕೀತು, ನುಣ್ಣಗೆ ಅರೆದೇ ಕೊಡಬೇಕು. ಹಾಲು, ಮೊಟ್ಟೆಯ ಅಲರ್ಜಿಯಂತೂ ಎಷ್ಟೋ ಮಕ್ಕಳಲ್ಲಿ ಶಾಲೆಗೆ ಸೇರುವ ಹೊತ್ತಿಗೆ ತಾನಾಗಿ ಮಾಯವಾಗುತ್ತದೆ. ಅಂಗನವಾಡಿಯಲ್ಲಿದ್ದಾಗ ‘ಆಗಿಬರಲ್ಲ’ ಎಂದು ಬರೆಸಿದ್ದನ್ನು ಮೂರನೇ ತರಗತಿಯ ಮಗುವಿಗೂ ಹಾಗೆಯೇ ಮುಂದುವರಿಸುವ ಮೊದಲು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಇನ್ನೊಮ್ಮೆ ತಿನ್ನಿಸಿ ನೋಡುವ ಕ್ರಮವಿದೆ.