ಸುಳ್ಳುಗಾರನ ಪಾನಗೃಹ

ಇಂಗ್ಲೆಂಡಿನ ವಾಯವ್ಯದಲ್ಲಿ, ಹಿಂದೆ ಕಂಬರ್‌ಲೆಂಡ್ ಎಂದೂ ಈಗ ಕಂಬ್ರಿಯಾ ಎಂದೂ ಕರೆಯಿಸಿಕೊಳ್ಳುವ ಗಿರಿಸೀಮೆಯಲ್ಲಿ, ದಾರಿಯು ಸರೋವರದ ಅಂಚನ್ನೇ ಹಿಡಿದು ಸಾಗಿ, ಮುಂದೆ ಎಡೆಗಾಣದೆ ಬೆಟ್ಟಗಳ ಬುಡದಲ್ಲಿ ನಿಂತುಬಿಡುವ ಕಡೆಗೆ ವಾಸ್ಡೇಲ್ ಹೆಡ್ ಎಂದು ಹೆಸರು. ಕೆಲವೇ ಹೊಲಮನೆಗಳು, ಒಂದು ಚರ್ಚು, ಒಂದು ಪಾನಗೃಹ, ಊರೆಂದರೆ ಇಷ್ಟೆ. ದೇಶದ ಅತ್ಯುನ್ನತ ಶಿಖರ, ಅತ್ಯಂತ ಆಳವಾದ ಸರೋವರ, ಅತಿ ಚಿಕ್ಕ ಚರ್ಚು, ಅತಿ ದೊಡ್ಡ ಸುಳ್ಳುಗಾರ, ಈ ನಾಲ್ಕೂ ತಮ್ಮವೇ ಎಂಬುದು ಅಲ್ಲಿಯವರ ಅಭಿಮಾನ. 978 ಮೀಟರಿನ ಸ್ಕಾಫೆಲ್ ಪೈಕ್ ಶಿಖರವನ್ನೂ ವಾಸ್ಟ್‌ವಾಟರ್ ಸರೋವರವನ್ನೂ ಅಳೆದು ನೋಡಬಹುದು. ಚರ್ಚಿನ ಬಿರುದಿಗೆ ಬೇರೆ ಊರುಗಳೂ ಹಕ್ಕು ಹೂಡಿವೆ. ನಾಲ್ಕನೆಯದಕ್ಕೆ ತಕರಾರು ತೆಗೆದವರನ್ನು ನಾನರಿಯೆ.

ಆತನೇ ಪಾನಗೃಹದ ಯಜಮಾನ ವಿಲ್ ರಿಟ್ಸನ್ (1808–1890). ಕುರಿ ಸಾಕಿಕೊಂಡು, ಕುಸ್ತಿಯಾಡಿಕೊಂಡಿದ್ದ ಈ ರೈತನು 1856ರಲ್ಲಿ ತನ್ನ ಮನೆಗೆ ಮದ್ಯಮಾರಾಟದ ಪರವಾನಗಿ ಪಡೆದು ‘ಹಂಟ್ಸ್‌ಮನ್ಸ್ ಇನ್’ ಎಂದು ಹೆಸರಿಟ್ಟನು. ತಮ್ಮ ಕಣಿವೆಯ ಟರ್ನಿಪ್ ಗೆಡ್ಡೆಗಳು ಎಷ್ಟು ದೊಡ್ಡವೆಂದರೆ, ಭಾನುವಾರದ ಊಟಕ್ಕೆ ಜನರು ಕಲ್ಲುಗಣಿಯನ್ನು ಕೊರೆದಂತೆ ಅವನ್ನು ಕೊರೆದು ತರುವರೆಂದೂ, ಹಾಗೆ ಟೊಳ್ಳಾದ ಗೆಡ್ಡೆಯೇ ಆಮೇಲೆ ಕುರಿಗಳಿಗೆ ದೊಡ್ಡಿಯಾಗುವುದೆಂದೂ, ಪಟ್ಟಣದಿಂದ ಬಂದ ಸುಶಿಕ್ಷಿತರಿಗೆ ಆತನು ಹೇಳುತ್ತಿದ್ದನು. ಇದರ ಸ್ವಾರಸ್ಯವು ಗೆಡ್ಡೆಯ ಗಾತ್ರದಲ್ಲಿಲ್ಲ; ಆ ಭಾನುವಾರದ ಊಟದಲ್ಲಿಯೂ, ಟೊಳ್ಳನ್ನು ವ್ಯರ್ಥಗೊಳಿಸದ ರೈತಬುದ್ಧಿಯಲ್ಲಿಯೂ ಇದೆ. ಬುರುಡೆ ಬಿಡಲು ಯಾರಿಗಾದರೂ ಬರುತ್ತದೆ. ಬುರುಡೆಯೊಳಗೆ ಕುರಿ ಕೂಡಲು ಕಲಾವಿದನೇ ಬೇಕು. ಒಮ್ಮೆ ಸುಳ್ಳಿನ ಪಂದ್ಯದಲ್ಲಿ ಸರದಿ ಬಂದಾಗ, ತನಗೆ ಸುಳ್ಳಾಡಲು ಬಾರದಾದ್ದರಿಂದ ಬಿಟ್ಟುಬಿಡಬೇಕೆಂದು ಬೇಡಿಕೊಂಡು, ಅದರಿಂದಲೇ ಗೆದ್ದನಂತೆ.

1879ರಲ್ಲಿ ರಿಟ್ಸನ್ ನಿವೃತ್ತನಾದ ಮೇಲೆ ಮನೆಯ ರಂಗು ಬದಲಾಯಿತು. 1886ರಲ್ಲಿ ಹ್ಯಾಸ್ಕೆಟ್ ಸ್ಮಿತ್ ಎಂಬ ತರುಣನು ಸಮೀಪದ ಗ್ರೇಟ್ ಗೇಬಲ್ ಬೆಟ್ಟದಲ್ಲಿ ಸೂಜಿಯಂತೆ ನಿಂತ ನೇಪ್ಸ್ ನೀಡಲ್ ಬಂಡೆಯನ್ನು ಒಬ್ಬನೇ ಏರಿದನು. ಅಲ್ಲಿಂದ ಮುಂದೆ ಶಿಲಾರೋಹಿಗಳಿಗೆ ಈ ಪಾನಗೃಹವೇ ತವರುಮನೆ. ಹಜಾರದ ತುಂಬ ಮೊಳೆ ಬಡಿದ ಬೂಟುಗಳು, ಹಗ್ಗಗಳು. ಸಾಯಂಕಾಲಗಳಲ್ಲಿ, ನೆಲಕ್ಕೆ ಕಾಲು ತಾಗಿಸದೆ ಬಿಲಿಯರ್ಡ್ಸ್ ಮೇಜನ್ನು ಸುತ್ತುವ ಸಾಹಸ. ಮೇಜಿನ ಗತಿಯನ್ನು ನೆನೆದರೆ ಯಜಮಾನರ ತಾಳ್ಮೆಗೆ ಕೈಮುಗಿಯಬೇಕು.

ಈಗಲೂ ಅಲ್ಲಿಯ ಮದ್ಯಶಾಲೆಗೆ ರಿಟ್ಸನ್ನನದೇ ಹೆಸರು. ಆತನ ನೆನಪಿನ ಸುಳ್ಳಿನ ಸ್ಪರ್ಧೆಯಾದರೋ ತುಸು ದೂರದ ಸ್ಯಾಂಟನ್ ಬ್ರಿಜ್‌ನ ಬ್ರಿಜ್ ಇನ್ ಎಂಬಲ್ಲಿ ನವೆಂಬರ್ ತಿಂಗಳಲ್ಲಿ ನಡೆಯುತ್ತದೆ. ರಾಜಕಾರಣಿಗಳಿಗೂ ವಕೀಲರಿಗೂ ಪ್ರವೇಶವಿಲ್ಲ: ವೃತ್ತಿನಿರತರೆದುರು ಹವ್ಯಾಸಿಗಳನ್ನು ಇಳಿಸುವುದು ನ್ಯಾಯವಲ್ಲವಷ್ಟೆ.